ದನಿ ಕತ್ತರಿಸಿದ ಭಾನುವಾರಗಳು

ದೀಪಾವಳಿಯ ಚಕ್ಕುಲಿ ಡಬ್ಬಿಯಲ್ಲಿ ಇನ್ನೂ ಉಳಿದಿರುವಾಗಲೇ ಮರಾಠಿ ನಾಡಿನ ಭಿಗವಣದಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರಲು ಶುರುವಾಗುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿಗಳು ಅವು. ಬಿಬವೇವಾಡಿಯ ನಮ್ಮ ಮನೆಯಿಂದ ಬೆಳಗಿನ ಐದಕ್ಕೆ ಹೊರಟು, ಹಡಪಸರದ ಗದ್ದಲ ಏಳುವ ಮೊದಲೇ ಅದನ್ನು ದಾಟಿಬಿಟ್ಟರೆ ಎಳೆಬಿಸಿಲಿಗೆ ನೀರಿನ ದಂಡೆ ಸೇರಬಹುದು. ಹದಿನಾಲ್ಕು ವರ್ಷ ನಾನೂ ನನ್ನ ಹೆಂಡತಿಯೂ ಹೀಗೆ ಹೋದೆವು. ನಾನು ಹೋಗುವುದು ಕ್ಯಾಮೆರಾಕ್ಕಾಗಿ, ಅವಳು ಬರುವುದು ನನಗೆ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ತಿನ್ನಿಸುವುದಕ್ಕಾಗಿ ಎಂದು ತಿಳಿದಿದ್ದೆ.

ನಾನು ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಬಿಡಿಭಾಗವನ್ನು ಪಕ್ಕಕ್ಕೆ ಎಸೆಯುವುದೇ ನನ್ನ ನೌಕರಿ. ಆ ಚಟ ಹಿನ್ನೀರಿಗೂ ನನ್ನ ಜೊತೆ ಬಂತು. ನನಗೆ ಬರೀ ಫೋಟೊ ಸಾಲದು, ವಿಡಿಯೊ ಬೇಕು. ಅದರಲ್ಲಿ ಹಕ್ಕಿಯ ಕೂಗು ಬೇಕು, ಬೇರೆ ಯಾವ ಸಪ್ಪಳವೂ ಇರಬಾರದು. ನಮ್ಮ ಹಕ್ಕಿ ಗೆಳೆಯರ ಗುಂಪಿನಲ್ಲೂ ಅದೇ ರೂಢಿ. ಯಾರಾದರೂ ಮನುಷ್ಯರ ದನಿಯಿರುವ ತುಣುಕು ಹಾಕಿದರೆ, ‘ಇದು ಯಾವ ಜಾತಿಯ ಹಕ್ಕಿ?’ ಎಂದು ಉಳಿದವರು ಕಾಲೆಳೆಯುತ್ತಿದ್ದರು.

ನನ್ನ ಹೆಂಡತಿಗೋ ಸುಮ್ಮನೆ ಕೂಡುವುದೇ ಗೊತ್ತಿರಲಿಲ್ಲ. ಧಾರವಾಡದ ತುಂಬಿದ ಮನೆಯಲ್ಲಿ ಬೆಳೆದವಳು. ಬಾತುಗಳು ನೀರಿಗಿಳಿದರೆ ಸಾಕು, ಬೀಗರು ಬಂದ ಹಾಗೆ ಎದುರುಗೊಳ್ಳುತ್ತಿದ್ದಳು.

‘ಬರ್ರಿ, ಬರ್ರಿ. ಭಾಳ ಸೊರಗೀರಿ ಈ ಸಲ. ದಾರ್ಯಾಗ ಏನರ ತಿಂದೀರೋ ಇಲ್ಲೋ?’

ಗುಂಪಿನಿಂದ ಒಂದು ಹಕ್ಕಿ ಹಿಂದೆ ಬಿದ್ದಿದ್ದರೆ ಮುಂದಿನವುಗಳಿಗೆ ಬೈಗುಳ. ‘ಅಕಿನ್ನ ಒಬ್ಬಾಕಿನ್ನ ಬಿಟ್ಟ ಬಂದ್ರೇನು? ಸ್ವಲ್ಪ ನಿಂದರಬೇಕಿಲ್ಲೋ?’

ನಾನು ತಿರುಗಿಯೂ ನೋಡದೆ ಕೈ ಎತ್ತುತ್ತಿದ್ದೆ. ಅಷ್ಟಕ್ಕೂ ನಿಲ್ಲದಿದ್ದರೆ ಗದರುತ್ತಿದ್ದೆ. ಆಮೇಲೆ ಅವಳು ಪಿಸುಗುಟ್ಟುತ್ತಿದ್ದಳು. ನನ್ನ ಮೈಕು ಒಳ್ಳೆಯದು, ಪಿಸುಮಾತನ್ನೂ ಬಿಡುತ್ತಿರಲಿಲ್ಲ.

ಭಾನುವಾರ ಸಂಜೆ ಮನೆಗೆ ಮರಳಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅವಳ ದನಿಯನ್ನು ಹುಡುಕಿ ಹುಡುಕಿ ಕತ್ತರಿಸುತ್ತಿದ್ದೆ. ಕತ್ತರಿಸಲು ಬಾರದ ಕಡೆ ಇಡೀ ತುಣುಕನ್ನೇ ಅಳಿಸುತ್ತಿದ್ದೆ. ಆಮೇಲೆ ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡುತ್ತಿದ್ದೆ. ಅವಳು ಅಡುಗೆಮನೆಯಿಂದಲೇ ‘ಇವತ್ತ ಎಷ್ಟ ಕಡೆ ನನ್ನ ಕತ್ತರಿಸಿದ್ರಿ?’ ಎಂದು ಕೇಳಿ ನಗುತ್ತಿದ್ದಳು. ಹತ್ತು ಕಡೆ, ಹನ್ನೆರಡು ಕಡೆ ಎಂದು ನಾನು ಹೇಳುತ್ತಿದ್ದೆ. ಜಂಬದಿಂದಲೇ ಹೇಳುತ್ತಿದ್ದೆ.

ಈ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಕೊನೆಯ ಎರಡು ದಿನ ಬಾಯಿಗೆ ನಳಿಗೆ ಹಾಕಿದ್ದರಿಂದ ಮಾತೂ ಇರಲಿಲ್ಲ.

ಮಗಳು ಬೆಳಗಾವಿಯಲ್ಲಿದ್ದಾಳೆ, ಚೊಚ್ಚಲ ಬಸುರಿ. ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿದಳು.

‘ಅಪ್ಪಾ, ಅವ್ವನ ದನಿ ಎಲ್ಲೆರ ಇದ್ದರ ಕಳಸ್ರಿ. ಹುಟ್ಟೋ ಕೂಸಿಗೆ ಕೇಳಸ್ತೀನಿ. ತನ್ನ ಅಜ್ಜಿ ಹೆಂಗ ಮಾತಾಡ್ತಿದ್ದಳು ಅಂತ ಅದಕ್ಕ ಗೊತ್ತಾಗಬೇಕು.’

‘ನಿನ್ನ ಫೋನಿನ್ಯಾಗ ಇಲ್ಲೇನು?’ ಎಂದೆ.

‘ದಿನಾ ಮಾತಾಡ್ತಿದ್ವಿ. ರೆಕಾರ್ಡ್ ಮಾಡಿ ಇಡಬೇಕಂತ ಯಾರಿಗೆ ಹೊಳೀತದ್ರಿ? ನೀವು ಹದಿನಾಲ್ಕ ವರ್ಷ ಕ್ಯಾಮೆರಾ ಹಿಡದೀರಿ. ನಿಮ್ಮ ಹತ್ರ ಭಾಳ ಇರ್ತಾವು.’

‘ಇರ್ತಾವ, ಹುಡುಕತೀನಿ’ ಎಂದೆ.

ಮಗಳ ಮದುವೆಯ ವಿಡಿಯೊ ಹಾಕಿ ನೋಡಿದೆ. ಸ್ಟುಡಿಯೊದವನು ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ಹಾಕಿಬಿಟ್ಟಿದ್ದ. ಅವಳು ಬಾಯಿ ತೆರೆದರೆ ಬೇರೆ ಯಾರೋ ಹಾಡುತ್ತಿದ್ದರು. ನನ್ನ ನಾಲ್ಕೂ ಹಾರ್ಡ್‌ಡಿಸ್ಕ್ ತೆಗೆದೆ. ದಿನಗಟ್ಟಲೆ ಕೂತು ನೋಡಿದೆ. ರಾಜಹಂಸ, ಬೆಳ್ಳಕ್ಕಿ, ಬಾತು, ಎಲ್ಲವೂ ಕೂಗುತ್ತವೆ. ಹೆಬ್ಬಾತು ರೆಕ್ಕೆ ಎತ್ತುತ್ತದೆ, ತಟ್ಟನೆ ನೋಡಿದರೆ ನೀರಿಗಿಳಿದಿರುತ್ತದೆ. ನಡುವೆ ಹೋದ ಆ ಎರಡು ಸೆಕೆಂಡು ನನ್ನ ಹೆಂಡತಿ. ಎಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ್ದೆನೆಂದರೆ ಒಂದು ಅಕ್ಷರವೂ ಉಳಿದಿರಲಿಲ್ಲ. ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಕೊನೆಗೆ, ಹಿನ್ನೀರಿನಲ್ಲಿ ನಮ್ಮನ್ನು ಸುತ್ತಾಡಿಸುತ್ತಿದ್ದ ದೋಣಿಯವನ ನೆನಪಾಯಿತು. ಪ್ರವಾಸಿಗರನ್ನು ತನ್ನ ಫೋನಿನಲ್ಲಿ ಚಿತ್ರಿಸುವ ಹುಚ್ಚು ಅವನಿಗೆ. ಹೆಬ್ಬಾತುಗಳು ಬಂದ ಸುದ್ದಿ ತಿಳಿದ ವಾರವೇ ಒಬ್ಬನೇ ಭಿಗವಣಕ್ಕೆ ಹೋದೆ. ಕ್ಯಾಮೆರಾ ಹೆಗಲಲ್ಲಿತ್ತು, ಹೊರಗೆ ತೆಗೆಯಲಿಲ್ಲ. ನಾನು ದೋಣಿ ಹತ್ತಿದರೂ ಅವನು ದಂಡೆಯ ಕಡೆಗೇ ನೋಡುತ್ತಾ ‘ಕಾಕು ನಾಹೀ ಆಲ್ಯಾ?’ ಎಂದು ನನ್ನ ಹೆಂಡತಿ ಬಾರದ್ದನ್ನು ಕೇಳಿದ. ಅವಳಿಲ್ಲ ಎಂಬುದನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವನು ಹುಟ್ಟು ಹಾಕುವುದನ್ನೇ ಬಿಟ್ಟ. ದೋಣಿ ತಾನಾಗಿ ತೇಲುತ್ತಿತ್ತು.

ಅವಳು ಮಾತಾಡಿದ ವಿಡಿಯೊ ಏನಾದರೂ ನಿನ್ನ ಹತ್ತಿರ ಇದೆಯೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

‘ಕಾಕಾ, ತುಮ್ಹೀಚ್ ತರ್ ಮ್ಹಣಾಯಚಾ, ಆವಾಜ್ ನಕೋ.’

ಹೌದು, ಸಪ್ಪಳ ಬೇಡ ಎಂದು ನಾನೇ ಹೇಳುತ್ತಿದ್ದೆ. ಹಾಗಾಗಿ ನಾವು ಹತ್ತಿದ ದಿನ ಅವನು ಫೋನನ್ನು ಹೊರಗೇ ತೆಗೆಯುತ್ತಿರಲಿಲ್ಲ. ನೀರಿನ ಆಚೆಗೆ ಹೆಬ್ಬಾತುಗಳು ಇಳಿಯುತ್ತಿದ್ದವು, ಈ ಸಲ ಯಾರೂ ಅವುಗಳಿಗೆ ಬರ್ರಿ ಅನ್ನಲಿಲ್ಲ. ನಾನೇ ಅನ್ನೋಣವೆಂದು ಬಾಯಿ ತೆರೆದೆ. ದೋಣಿಯವನ ಎದುರಿಗೇ ಅತ್ತೆ.

ಮರುದಿನ ಕ್ಯಾಮೆರಾದ ಚೀಲ ಒರೆಸುವಾಗ ಬದಿಯ ಜೇಬಿನಲ್ಲಿ ಒಂದು ಮೆಮೊರಿ ಕಾರ್ಡ್ ಸಿಕ್ಕಿತು. ಹೋದ ವರ್ಷದ್ದು, ಕಂಪ್ಯೂಟರಿಗೆ ಹಾಕುವುದನ್ನೇ ಮರೆತದ್ದು. ಎಂದರೆ ನನ್ನ ಕತ್ತರಿ ತಾಗದ್ದು. ಅದರಲ್ಲಿದ್ದದ್ದು ಒಂದೇ ವಿಡಿಯೊ. ಹೆಡ್‌ಫೋನ್ ಹಾಕಿಕೊಂಡು, ದನಿಯನ್ನು ಪೂರ್ತಿ ಏರಿಸಿ ಕೂತೆ.

ಹೆಬ್ಬಾತುಗಳ ಸಾಲು ಆಕಾಶದಿಂದ ಬಾಗಿ ಇಳಿಯುತ್ತದೆ. ಪಕ್ಕದಲ್ಲಿ ಯಾರೋ ಮಾತಿಗೆಂದು ಉಸಿರು ಎಳೆದುಕೊಂಡ ಸದ್ದು. ಅದು ಮಾತಾಗುವ ಮೊದಲೇ, ಕಿವಿಗೆ ಹತ್ತಿರದಲ್ಲಿ, ನನ್ನ ದನಿ.

‘ಶ್! ಒಂದ ಹತ್ತ ನಿಮಿಷರ ಬಾಯಿ ಮುಚ್ಚಿ ಕೂಡು. ಕೈ ಮುಗೀತೀನಿ ನಿನಗ.’

ಆಮೇಲೆ ಬರೀ ಹಕ್ಕಿಗಳ ಕೂಗು, ನೀರಿನ ಸಪ್ಪಳ. ಈಗ ಮಾತಾಡುತ್ತಾಳೆ, ಈಗ ಮಾತಾಡುತ್ತಾಳೆ ಎಂದು ಕೊನೆಯ ಸೆಕೆಂಡಿನವರೆಗೂ ಕಾದೆ. ಅದು ಹನ್ನೊಂದು ನಿಮಿಷದ ವಿಡಿಯೊ. ಅಷ್ಟು ಹೊತ್ತೂ ಅವಳು ನನ್ನ ಪಕ್ಕದಲ್ಲೇ ಕೂತಿದ್ದಾಳೆ, ನಾನು ಹೇಳಿದ ಹಾಗೆ, ಒಂದು ಮಾತೂ ಆಡದೆ. ಮಗಳಿಗೆ ಇನ್ನೂ ಫೋನ್ ಮಾಡಿಲ್ಲ.