ಸಂಗಪ್ಪನ ನೆರಳಿನ ಓಣಿ

ಸ್ಪೇನಿನ ಸೆತೆನಿಲ್ ಎಂಬ ಊರನ್ನು ಸಂಗಪ್ಪನಷ್ಟು ಬಲ್ಲವರು ಇಡೀ ಕುವೈತಿನಲ್ಲಿ ಇನ್ನೊಬ್ಬರಿರಲಿಲ್ಲ. ಆ ಪುಟ್ಟ ಊರಿನ ಹೊಳೆ ಯಾವ ಕಡೆಗೆ ಹರಿಯುತ್ತದೆ, ಯಾವ ಓಣಿಗೆ ಬಿಸಿಲು ಬೀಳುತ್ತದೆ, ಹಳೆಯ ಕೋಟೆಯಲ್ಲಿ ಈಗ ಏನು ಉಳಿದಿದೆ, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಅವರು ಅಲ್ಲಿಗೆ ಹೋದವರಲ್ಲ. ಖೈತಾನ್ ಬಡಾವಣೆಯ ಒಂದು ಕೋಣೆಯಲ್ಲಿ ಐದು ಜನರ ಜೊತೆ ಇದ್ದುಕೊಂಡು, ಹಗಲೆಲ್ಲ ಕಟ್ಟಡಗಳ ತಾರಸಿ ಹತ್ತಿ ಎಸಿ ರಿಪೇರಿ ಮಾಡುತ್ತಿದ್ದ ಬಾಗಲಕೋಟೆ ಕಡೆಯ ಮನುಷ್ಯ.

ನಾನು ಮಂಗಳೂರಿನವಳು. ಕುವೈತಿನ ಶರ್ಕ್‌ನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಮಾಡುವ ಕೆಲಸ. ಮೊದಲ ಸಲ ನಮ್ಮ ಎಸಿ ನೋಡಲು ಬಂದಾಗ ಸಂಗಪ್ಪ ಏಣಿ ಹತ್ತಿದವರು ಇಳಿಯಲೇ ಇಲ್ಲ. ಗೋಡೆಯ ಮೇಲಿನ ಪೋಸ್ಟರ್ ನೋಡುತ್ತ ನಿಂತಿದ್ದರು. ಸುಣ್ಣ ಬಳಿದ ಮನೆಗಳ ಸಾಲು, ಅವುಗಳ ಮೇಲೆ ಸೂರಿನ ಹಾಗೆ ಚಾಚಿಕೊಂಡ ಒಂದೇ ಒಂದು ದೊಡ್ಡ ಬಂಡೆ.

"ಅಕ್ಕಾರ, ಇದು ಯಾವ ಊರ್ರಿ? ನಮ್ಮ ಬದಾಮಿ ಕಡೆ ಇಂಥಾ ಕಲ್ಲಿನ ಬುಡಕ್ಕ ಕುರಿ ನಿಲ್ತಾವ. ಇಲ್ಲಿ ಮಂದಿ ಸಂಸಾರ ಹೂಡ್ಯಾರಲ್ರಿ."

ನನಗೆ ಗೊತ್ತಿದ್ದಷ್ಟು ಹೇಳಿದೆ. ಹೊಳೆ ಸಾವಿರಾರು ವರ್ಷ ಬಂಡೆಯನ್ನು ಕೊರೆದು ಕಣಿವೆ ಮಾಡಿದೆ, ಜನ ಆ ಬಂಡೆಯ ಹೊಟ್ಟೆಗೇ ಗೋಡೆ ಕಟ್ಟಿಕೊಂಡಿದ್ದಾರೆ. ಒಂದು ಬೀದಿಗೆ ಬಿಸಿಲಿನ ಗವಿಗಳೆಂದು ಹೆಸರು, ಇನ್ನೊಂದಕ್ಕೆ ನೆರಳಿನ ಗವಿಗಳೆಂದು. ನೆರಳಿನದರಲ್ಲಿ ಬೀದಿಗೆ ಬೀದಿಯೇ ಬಂಡೆಯ ಕೆಳಗಿದೆ. ಸಂಗಪ್ಪ ಏಣಿಯ ಮೇಲೆಯೇ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ನೆರಳಿನ ಓಣಿ," ಅಂದರು.

ಆಮೇಲೆ ಎಸಿ ಸರಿಯಿದ್ದರೂ ಬರತೊಡಗಿದರು. ಫಿಲ್ಟರ್ ತೊಳೆಯುವುದು ನೆಪ. ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು, "ಇವತ್ತೇನರ ಹೊಸಾದು ಐತೇನ್ರಿ?" ಎಂದು ಕೇಳುವರು. ನಾನು ಬ್ರೋಷರು, ಇಂಟರ್‌ನೆಟ್ಟು ಹುಡುಕಿ ಓದಿ ಕನ್ನಡದಲ್ಲಿ ಹೇಳಬೇಕು. ಕ್ರೈಸ್ತ ರಾಜರ ಸೈನ್ಯ ಏಳು ಸಲ ಮುತ್ತಿಗೆ ಹಾಕಿದ ಮೇಲೆಯೇ ಕೋಟೆ ಬಿದ್ದದ್ದು ಎಂಬ ಕತೆ ಅವರಿಗೆ ತುಂಬ ಹಿಡಿಸಿತ್ತು. "ನಾನೂ ಅಷ್ಟ ಸಲ ರಜಾ ಕೇಳೇನ್ರಿ ಅಕ್ಕಾರ. ನಮ್ಮ ಕಫೀಲ ಸಾಹುಕಾರನ ಕೋಟಿ ಇನ್ನೂ ಗಟ್ಟಿ ಐತಿ," ಎಂದು ತಾವೇ ನಕ್ಕರು.

ಇಷ್ಟೆಲ್ಲ ಯಾಕೆಂದು ನನಗೆ ತಿಳಿದದ್ದು ಜೂನಿನಲ್ಲಿ. ನಮ್ಮ ಕಾರಿಡಾರಿನಲ್ಲಿ ನಿಂತು ಊರಿಗೆ ಫೋನ್ ಮಾಡುತ್ತಿದ್ದರು. "ಇಲ್ಲೇ ಹೊಳಿ ದಂಡಿಗೆ ಕುಂತೇನಿ. ತಂಪ್ ಗಾಳಿ ಬಿಟ್ಟೈತಿ," ಅನ್ನುತ್ತಿದ್ದರು. ಅಂಗಿಯ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಮೂಡಿತ್ತು.

ನಾನು ದುರುಗುಟ್ಟಿ ನೋಡಿದೆ. ಫೋನಿಟ್ಟ ಮೇಲೆ ಎಲ್ಲ ಹೇಳಿದರು. ಹಿಂದಿನ ಬೇಸಿಗೆ ಅವರ ಕೋಣೆಯ ಮಲ್ಲೇಶಿ ತಾರಸಿಯ ಮೇಲೆ ಬಿಸಿಲು ಬಡಿದು ಸತ್ತಿದ್ದ. ಸುದ್ದಿ ಊರು ಮುಟ್ಟಿ, ಹೆಂಡತಿ ಶಾಂತವ್ವ ಊಟ ಬಿಟ್ಟು ಕೂತರು, ಬಂದುಬಿಡಿ ಎಂದು. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇತ್ತು. ಅದಕ್ಕೆ ಸಂಗಪ್ಪ, ಬೇಸಿಗೆಯ ನಾಲ್ಕು ತಿಂಗಳು ಕಂಪನಿ ತನ್ನನ್ನು ಸ್ಪೇನಿಗೆ ಕಳಿಸುತ್ತದೆ ಎಂದುಬಿಟ್ಟಿದ್ದರು.

"ತಂಪಿನ ಊರೊಂದು ಬೇಕಾಗಿತ್ರಿ. ನಿಮ್ಮ ಗ್ವಾಡಿ ಮ್ಯಾಲ ಸಿಕ್ತು."

"ಹೆಂಡತಿಗೆ ಹೀಗೆಲ್ಲ ಸುಳ್ಳು ಹೇಳ್ಬಾರ್ದು ಮಾರಾಯ್ರೆ. ನಾಳೆ ಗೊತ್ತಾದ್ರೆ?"

"ನಾಳಿಂದು ನಾಳಿಗ್ರಿ. ಇವತ್ತ ಆಕಿ ಒಂದೀಟು ನಿದ್ದಿ ಮಾಡ್ಲಿ."

ಸಿಟ್ಟು ಬಂತು. ಆದರೂ ಮರುವಾರ ನಾನೇ ಹೊಸ ವಿಷಯ ಹುಡುಕಿಟ್ಟಿದ್ದೆ. ಆ ಸುಳ್ಳಿನಲ್ಲಿ ನನ್ನ ಪಾಲೂ ಇತ್ತು, ಮುಚ್ಚಿಡುವುದಿಲ್ಲ. ಸೆತೆನಿಲ್‌ನಲ್ಲೂ ಬೇಸಿಗೆಯ ಬಿಸಿಲು ಕಡಿಮೆಯೇನಲ್ಲ ಎಂದು ಒಂದು ಕಡೆ ಓದಿದ್ದೆ. ಅದನ್ನು ಮಾತ್ರ ಹೇಳಲಿಲ್ಲ.

ಒಮ್ಮೆ ಗಾಬರಿಯಾಗಿ ಬಂದರು. ಫೋನಿನಲ್ಲಿ ಶಾಂತವ್ವನಿಗೆ ಬಾಂಗ್ ಕೇಳಿಸಿದೆ. ಸ್ಪೇನಿನಲ್ಲಿ ಮಸೀದಿ ಎಲ್ಲಿಂದ ಬಂತು ಅಂದಿದ್ದಾರೆ. ಹಿಂದೆ ಅಲ್ಲಿ ಮುಸ್ಲಿಂ ಅರಸರಿದ್ದರು, ಮಸೀದಿ ಇದ್ದ ಜಾಗದಲ್ಲೇ ಈಗಿನ ಇಗರ್ಜಿ ಇದೆಯಂತೆ ಎಂದು ನಾನು ಹೇಳಿದೆ. ಅರಸರನ್ನಷ್ಟೇ ಅವರು ಊರಿಗೆ ಮುಟ್ಟಿಸಿದರು. ಇಗರ್ಜಿಯನ್ನು ಬಿಟ್ಟರು.

ಆದರೆ ಹೊಸ ಪೇಚು ಶುರುವಾಯಿತು. ಅವರು ಕಳಿಸಿದ ಪೋಸ್ಟರಿನ ಫೋಟೋ ನೋಡಿ ಶಾಂತವ್ವನಿಗೆ ಬಿಸಿಲಿನ ಭಯ ಹೋಗಿ ಬಂಡೆಯ ಭಯ ಹತ್ತಿತು. ಆ ಕಲ್ಲು ಬಿದ್ದರೆ ಏನು ಗತಿ ಎಂದು ದಿನಾ ಕೇಳುತ್ತಿದ್ದರಂತೆ. "ನಿದ್ದಿ ಬರ್ಲಿ ಅಂತ ಊರ್ ತೋರಿಸಿದ್ರ, ಈಗ ಕಲ್ಲಿಗೆ ಎದ್ದು ಕುಂದರ್ತಾಳ್ರಿ," ಎಂದು ತಲೆ ಚಚ್ಚಿಕೊಂಡು ನಕ್ಕರು. ಸಂಗಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಬೇಸಿಗೆಯ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆ. ಎಸಿ ನಿಂತು ಮನೆ ಕಾದ ಕಾವಲಿಯಂತಾದಾಗ ಆ ನಿಯಮ ಯಾರಿಗೂ ನೆನಪಾಗುವುದಿಲ್ಲ. ಆಗಸ್ಟಿನಲ್ಲಿ ಬ್ನೇದ್ ಅಲ್ ಗಾರ್‌ನ ಒಂದು ಕಟ್ಟಡದ ತಾರಸಿಗೆ ಸಂಗಪ್ಪನನ್ನು ಒಂದು ಗಂಟೆಗೆ ಹತ್ತಿಸಿದರು. ನಾಲ್ಕಕ್ಕೆ ಹುಡುಕಿಕೊಂಡು ಹೋದವರಿಗೆ ಅವರು ನೀರಿನ ಟ್ಯಾಂಕಿಗೆ ಆತು ಕುಳಿತಿದ್ದದ್ದು ಕಂಡಿತು. ಟ್ಯಾಂಕಿನ ನೆರಳು ಆಚೆ ಬದಿಗಿತ್ತು. ಅಲ್ಲಿಯವರೆಗೆ ಹೋಗಲು ಆಗಿರಲಿಲ್ಲ.

ಕಂಪನಿಯವರು ಶವದ ಪೆಟ್ಟಿಗೆಯ ಬುಕಿಂಗಿಗೆ ನಮ್ಮ ಆಫೀಸಿಗೇ ಬಂದರು. ಹನ್ನೆರಡು ವರ್ಷದಲ್ಲಿ ಇಂಥ ಬುಕಿಂಗ್ ಎಷ್ಟೋ ಮಾಡಿದ್ದೇನೆ. ಬೆಂಗಳೂರಿನಲ್ಲಿ ಪೆಟ್ಟಿಗೆಯನ್ನು ಯಾರು ಪಡೆದುಕೊಳ್ಳುತ್ತಾರೆಂದು ಹೆಸರು ಬರೆಯಬೇಕಿತ್ತು. ಶಾಂತವ್ವನ ತಮ್ಮನಿಗೆ ಫೋನ್ ಮಾಡಿದೆ. ಸಾವಿನ ಸುದ್ದಿ ಆಗಲೇ ಮುಟ್ಟಿತ್ತು, ಎಲ್ಲಿ, ಹೇಗೆ ಎಂದು ಯಾರೂ ಹೇಳಿರಲಿಲ್ಲ. ಆತ ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಶಾಂತವ್ವ ಫೋನ್ ತೆಗೆದುಕೊಂಡರು.

"ಅಕ್ಕಾರ, ನೀವು ಕಂಪನಿಯವರೇನ್ರಿ? ಆ ಕಲ್ಲು ಬಿತ್ತೇನ್ರಿ?"

"ಇಲ್ಲ ಅಮ್ಮ. ಕಲ್ಲು ಬೀಳ್ಲಿಲ್ಲ. ಬಿಸಿಲು ಬಡಿದದ್ದು."



"ಅಲ್ಲಿ ನೆರಳಿನ ಓಣಿ ಇತ್ತಂತಲ್ರಿ," ಅಂದರು.

ನಿಜ ಹೇಳಬೇಕೆಂದೇ ಬಾಯಿ ತೆರೆದೆ.

"ಹೌದು ಅಮ್ಮ, ಉಂಟು. ಆವತ್ತು ಅವರಿಗೆ ಬಿಸಿಲಿನ ಓಣಿಯಲ್ಲಿ ಕೆಲಸ ಇತ್ತು," ಅಂದೆ.

ಎದುರಿನ ಸ್ಕ್ರೀನಿನಲ್ಲಿ, ಪೆಟ್ಟಿಗೆಯ ಜೊತೆ ಹೋಗುವ ಕಾಗದದಲ್ಲಿ ಅದು ಹೊರಡುವ ಊರು ಎಂದಿದ್ದ ಕಡೆ, ನಾನಾಗಲೇ ಕುವೈತ್ ಎಂದು ಟೈಪ್ ಮಾಡಿ ಆಗಿತ್ತು.