ತಮ್ಮನ ಇಂಗ್ಲಿಷ್ ಹೆಸರು

ಅಪ್ಪ ವಿಶಾಖಪಟ್ಟಣದ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಒಮ್ಮೆ ಹಡಗಿನ ಏಣಿಯಿಂದ ಜಾರಿ ನೀರಿಗೆ ಬಿದ್ದಾಗ, ಆ ಹಡಗಿನ ಇಂಗ್ಲಿಷ್ ಎಂಜಿನಿಯರ್ ಧುಮುಕಿ ಅವರನ್ನು ಎಳೆದು ತಂದರು. ಮರುವರ್ಷ ತಮ್ಮ ಹುಟ್ಟಿದ. ತೊಟ್ಟಿಲಿಗೆ ಹಾಕುವಾಗ ಅಜ್ಜನ ಹೆಸರನ್ನು ಬಿಟ್ಟು ಅಪ್ಪ ಆ ಎಂಜಿನಿಯರರ ಮನೆತನದ ಹೆಸರಿಟ್ಟರು. ಹೊಳೆ ದಾಟಿಸುವವನು ಎಂದು ಅದರ ಅರ್ಥವಂತೆ. ಅಮ್ಮ ಹೆದರಿಯಾಳೆಂದು ಈ ಕತೆಯನ್ನು ನನಗೊಬ್ಬಳಿಗೇ ಹೇಳಿದ್ದರು.

ನನ್ನನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿ ವಿಜಯವಾಡಕ್ಕೆ ಮದುವೆ ಮಾಡಿಕೊಟ್ಟರು. ತಮ್ಮ ನಮ್ಮ ಮನೆಯಲ್ಲಿದ್ದುಕೊಂಡು ಕಾನ್ವೆಂಟಿಗೆ ಹೋಗುತ್ತಿದ್ದ. ಒಂದು ಸಂಜೆ ಅಳುತ್ತ ಬಂದ.

"ಅಕ್ಕಾ, ಎಲ್ಲಾರೂ ತೆಲುಗಿನ್ಯಾಗ 'ಏಮಂಡೀ ದೊರಗಾರೂ', ಏನ್ರೀ ಬಿಳಿ ಸಾಹೇಬ್ರ, ಅಂತ ನಗತಾರ. ನನ್ನ ಹೆಸರಿಗೆ ಅರ್ಥ ಏನು?"

"ಅರ್ಥ ಏನು ಮಣ್ಣು! ಯಾವುದೋ ಸರಕಿನ ಪೆಟ್ಟಿಗಿ ಮ್ಯಾಲೆ ಓದಿ ಅಪ್ಪ ಇಟ್ಟಾರ" ಎಂದುಬಿಟ್ಟೆ. ಅವನ ಹೆಗಲ ಮೇಲಿನ ಪುಸ್ತಕದ ಚೀಲ ಕಂಡರೆ ನನಗೆ ಹೊಟ್ಟೆಕಿಚ್ಚು.

ಹತ್ತನೆಯ ತರಗತಿಯಲ್ಲಿ ಅವನು ಅಜ್ಜನ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ತಂದ. ಸಹಿ ಹಾಕಲು ಅಪ್ಪ ರೈಲಿನಲ್ಲಿ ಬಂದರು.

"ಹಳೇದು ಬ್ಯಾಡಾತೇನಪಾ?"

"ಪೆಟ್ಟಿಗಿ ಮ್ಯಾಲಿನ ಹೆಸರು ಯಾರಿಗೆ ಬೇಕು?"

ಅಪ್ಪ ನನ್ನತ್ತ ನೋಡಿದರು. ಆಗಲಾದರೂ ನಾನು ಹೇಳಬಹುದಿತ್ತು. ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಹಿಂದಿರುಗುವಷ್ಟರಲ್ಲಿ ಅವರು ಸಹಿ ಹಾಕಿಯಾಗಿತ್ತು.