ಟೆಲ್ಸೆ ಆರಗೊಡದ ಊರೊಲೆ

ಹತ್ತೊಂಬತ್ತನೇ ವಯಸ್ಸಿಗೆ ಹಾಲು ಕರೆಯುವ ಕೆಲಸಕ್ಕೆಂದು ನಮ್ಮೂರಿಗೆ ಬಂದ ಟೆಲ್ಸೆ, ನಮ್ಮವನೊಬ್ಬನನ್ನು ಕಟ್ಟಿಕೊಂಡಳು, ಅವನನ್ನು ಮಣ್ಣು ಮಾಡಿದ ಮೇಲೂ ಇಲ್ಲೇ ಉಳಿದಳು. ಎಪ್ಪತ್ಮೂರಾದರೂ ಅವಳು ನಮಗೆ ಹೊರಗಿನವಳೇ. ಎಂಟು ಕಿಲೋಮೀಟರ್ ಆಚೆಯವಳು ನೋಡಿ! ಉತ್ತರ ಜರ್ಮನಿಯ ಹಳ್ಳಿಯವರ ಬುದ್ಧಿ ಅಷ್ಟೇ. ಆದರೂ ಊರಿಗೆಲ್ಲ ಒಂದೇ ಆದ, ಗವಿಯಂಥ ಕಲ್ಲಿನ ಊರೊಲೆಯನ್ನು ಅವಳ ಕೈಗೇ ಒಪ್ಪಿಸಿದ್ದೆವು, ಏಕೆಂದರೆ ಅವಳಷ್ಟು ಚೆನ್ನಾಗಿ ರೊಟ್ಟಿ ಬೇಯಿಸುವವರು ನಮ್ಮಲ್ಲಿ ಇರಲಿಲ್ಲ. ಹದಿನೈದು ದಿನಕ್ಕೊಂದು ಶನಿವಾರ ಒಲೆಗೆ ಸೌದೆ ತುಂಬಿ ಉರಿಸಿ, ಕೆಂಡ ಹೊರಗೆಳೆದು, ಬರಿಗೈಯನ್ನು ಒಳಗೆ ಚಾಚಿ ಹದಿನೈದು ಎಣಿಸುತ್ತಿದ್ದಳು. ಅಷ್ಟರಲ್ಲಿ ಕೈ ಸುಟ್ಟರೆ ಕಾವು ಇನ್ನೂ ಇಳಿಯಬೇಕು. ಆಮೇಲೆಯೇ ಇಪ್ಪತ್ತಮೂರು ಮನೆಯ ರೈ ಧಾನ್ಯದ ಹಿಟ್ಟಿನ ದಪ್ಪ ರೊಟ್ಟಿಗಳು ಒಳಗೆ ಹೋಗುತ್ತಿದ್ದವು.

ಹೋದ ವಸಂತದಲ್ಲಿ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಒಲೆ ಮುನ್ನೂರು ವರ್ಷದ್ದು, ಊರಿನ ಪರಂಪರೆ. ಇನ್ನು ಮೇಲೆ ಬೆಂಕಿ ಹಾಕಕೂಡದು, ಗಾಜಿನ ಬಾಗಿಲು ಹಾಕಿ ಬೀಗ ಜಡಿಯಬೇಕು. ನಮ್ಮ ಅಧ್ಯಕ್ಷ ಡೆಟ್ಲೆಫ್ ಊರ ಸಭೆಯಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿ, ಕೊನೆಗೆ ಸಹಿ ಹಾಕಿಬಿಟ್ಟ.

"ಬೆಂಕಿ ಹಾಕದಿದ್ರೆ ಒಲೆ ಉಳಿಯುತ್ತೆ, ಟೆಲ್ಸಕ್ಕ," ಎಂದ.

"ಬಾಯಿ ಹೊಲಿದ್ರೆ ನಿನ್ ಹಲ್ಲೂ ಉಳಿಯುತ್ತೆ ಕಣೋ. ಉಣ್ಣೋದು ಹೆಂಗೆ?"

ಗಾಜಿನ ಬಾಗಿಲು ಬಂದದ್ದೂ ಒಂದು ಶನಿವಾರವೇ. ಜಿಲ್ಲಾ ಕಚೇರಿಯ ಅಧಿಕಾರಿ ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ತಂದಿದ್ದ, ಡೆಟ್ಲೆಫ್ ಅವನ ಪಕ್ಕದಲ್ಲಿದ್ದ, ಊರೂ ಸೇರಿತ್ತು. ನೋಡಿದರೆ ಒಲೆ ಕಾದು ಕಾವು ಸೂಸುತ್ತಿದೆ, ಅದರ ಬಾಯಿಗೆ ಹಲಗೆ ಮುಚ್ಚಿದೆ, ಮುಂದೆ ಮುಕ್ಕಾಲಿ ಹಾಕಿಕೊಂಡು ಟೆಲ್ಸೆ ಕೂತಿದ್ದಾಳೆ.

"ತೆಗೀರಮ್ಮ ಆ ಹಲಗೇನ!" ಎಂದ ಅಧಿಕಾರಿ.

"ಈಗ ತೆಗೆದ್ರೆ ಉಬ್ಬಿದ ರೊಟ್ಟಿ ಕುಸಿಯುತ್ತೆ. ಇನ್ನೂ ಮುಕ್ಕಾಲು ಗಂಟೆ ಇದೆ. ಕೂತ್ಕೊಳ್ಳಿ ಸಾಹೇಬ್ರೆ."

ಅವನು ಕೂರಲಿಲ್ಲ. ದಂಡದ ಪುಸ್ತಕ ತೆಗೆದು, ಯಾರ ಹೆಸರಿಗೆ ಬರೆಯಲಿ ಎಂದ. "ನಂದೇ ಬರೀರಿ," ಎಂದಳು ಟೆಲ್ಸೆ, ಕಡ್ಡಿ ಮುರಿದ ಹಾಗೆ. ನಾನು ಓಕ್ ಮರದ ಹಿಂದೆ ನಿಂತಿದ್ದೆ. ನನ್ನ ಹೆಂಡತಿ ನಾದಿದ ಹಿಟ್ಟೂ ಆ ಒಲೆಯೊಳಗೇ ಇತ್ತು, ಆದರೂ ಮರದ ಮರೆಗೆ ಇನ್ನಷ್ಟು ಸರಿದುಕೊಂಡೆ. ಇಂದಿಗೂ ನಾಚಿಕೆಯಾಗುತ್ತದೆ.

ಮುಕ್ಕಾಲು ಗಂಟೆ ಕಳೆದು ರೊಟ್ಟಿಗಳು ಹೊರಬಂದು ಉದ್ದ ಹಲಗೆಯ ಮೇಲೆ ಕೂತವು. ಅದಲುಬದಲಾಗದಿರಲೆಂದು ನಮ್ಮಲ್ಲಿ ಪ್ರತಿ ಮನೆಯವರೂ ಹಸಿ ರೊಟ್ಟಿಯ ಮೇಲೆ ತಮ್ಮ ಮನೆಯ ಗುರುತು ಒತ್ತುತ್ತಾರೆ. ಆಂಟ್ಯೆ ಎಂಬ ಮುದುಕಿ ಮುಂದೆ ಬಂದು ತನ್ನ ರೊಟ್ಟಿ ಎತ್ತಿಕೊಂಡಳು. "ಈ ಗುರುತು ನಮ್ಮನೇದು. ನಮ್ ಹೆಸರೂ ಬರ್ಕೊಳಪ್ಪ." ಆಗ ನನ್ನ ಕಾಲೂ ಕದಲಿತು, ಹೋಗಿ ಹೆಸರು ಹೇಳಿದೆ. ಒಬ್ಬರ ಹಿಂದೊಬ್ಬರು ಬಂದರು. ಬರೆದು ಬರೆದು ಅಧಿಕಾರಿಯ ಕೈ ಸೋತಿತು.

ಹಲಗೆಯ ಮೇಲೆ ಕೊನೆಗೆ ಒಂದು ರೊಟ್ಟಿ ಉಳಿಯಿತು. ಅದರ ಮೇಲೆ ಡೆಟ್ಲೆಫ್ ಮನೆಯ ಗುರುತು. ಅವನ ಹೆಂಡತಿ ಅವನಿಗೆ ಹೇಳದೆ ಹಿಟ್ಟು ಕಳಿಸಿದ್ದಳು. ಟೆಲ್ಸೆ ಅದನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದ್ಯಾರ್ದೋ? ಯಾರ್ದೂ ಅಲ್ದಿದ್ರೆ ಹಂದಿಗೆ ಹಾಕ್ತೀನಿ."

ಡೆಟ್ಲೆಫ್ ಮುಖ ಕೆಂಪಾಯಿತು. ಒಮ್ಮೆ ಅಧಿಕಾರಿಯನ್ನು, ಒಮ್ಮೆ ಗುಂಪಿನಲ್ಲಿದ್ದ ಹೆಂಡತಿಯನ್ನು ನೋಡಿದ. ಆಮೇಲೆ ಬಿಸಿ ರೊಟ್ಟಿಯನ್ನು ಎದೆಗವಚಿಕೊಂಡು, "ಬರೀರಿ. ಡೆಟ್ಲೆಫ್ ಪೇಟರ್ಸನ್, ಊರ ಅಧ್ಯಕ್ಷ," ಎಂದ.

ಟೆಲ್ಸೆ ಕೈಯ ಬೂದಿ ಒರೆಸಿಕೊಂಡಳು.

"ಆ ಗಾಜು ವಾಪಸ್ ಹೊತ್ಕೊಂಡ್ ಹೋಗಿ ಸಾಹೇಬ್ರೆ. ಹದಿನೈದ್ ದಿನಕ್ಕೆ ಮತ್ತೆ ಬೆಂಕಿ ಹಾಕ್ತೀವಿ, ಬರ್ತಾ ದಪ್ಪ ಪುಸ್ತಕ ತನ್ನಿ."